ಸೂತಕವಿಲ್ಲದವರ ಸಂಕಟ

ಚೌಳಹಿರಿಯೂರಿನಂಥ ಊರಿನಲ್ಲಿ ಒಂದು ಸಾವಾದರೆ ಯಾರು ಏನು ಮಾಡಬೇಕೆಂದು ಯಾರೂ ಕೂತು ಯೋಚಿಸಬೇಕಾಗಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಬಯಲಿನ ಹಳ್ಳಿಗಳಲ್ಲಿ ಹೆಗಲು ಕೊಡುವವರು ಯಾರು, ಕೊಳ್ಳಿಯಿಡುವವರು ಯಾರು, ಹಾಲು-ತುಪ್ಪಕ್ಕೆ ಏನು ತರಬೇಕು, ಹನ್ನೊಂದನೇ ದಿನ ಯಾವ ನೆಂಟರಿಗೆ ಹೇಳಿ ಕಳಿಸಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಮಗನಿಗೆ ಒಂದು ಕೆಲಸ, ಅಳಿಯನಿಗೆ ಒಂದು, ತವರಿನವರಿಗೆ ಮತ್ತೊಂದು. ಸೂತಕವನ್ನು ತತ್ವದಲ್ಲೇ ಒಪ್ಪದ ಲಿಂಗಾಯತ ಮನೆಗಳಲ್ಲೂ ಗಣಾರಾಧನೆಗೆ ಮುಂದೆ ನಿಲ್ಲುವವರು ಬಂಧುಗಳೇ. ದುಃಖದಿಂದ ಕೈಕಾಲು ಆಡದವರಿಗೂ ಮಾಡಲೊಂದು ಕೆಲಸ ಸಿಗುವಂತೆ ನೋಡಿಕೊಳ್ಳುವ ಈ ಏರ್ಪಾಡು ಬಹಳ ವಿವೇಕದ್ದು. ಆದರೆ ಸತ್ತವನ ಪಕ್ಕದ ಬೆಂಚಿನಲ್ಲಿ ಹತ್ತು ವರ್ಷ ಕೂತಿದ್ದ ಗೆಳೆಯನಿಗೆ ಇದರಲ್ಲಿ ಯಾವ ಪಾಲೂ ಇಲ್ಲ. ಅವನು ದೊಡ್ಡವನಾಗಿದ್ದರೆ ಮಣ್ಣಿಗೆ ಹೋಗಿ, ಸ್ನಾನ ಮಾಡಿ, ಮನೆಗೆ ಬರುತ್ತಾನೆ. ಚಿಕ್ಕವನಾಗಿದ್ದರೆ ಅಲ್ಲಿಗೂ ಕಳಿಸುವುದಿಲ್ಲ. ಮೂರನೇ ದಿನಕ್ಕೆ ಅವನು ಶಾಲೆಯಲ್ಲಿರಬೇಕು.

ಈ ಕೊರತೆ ಎಷ್ಟು ಆಳದ್ದೆಂದು ತಿಳಿಯಲು ಜಪಾನಿನ ಒಂದು ಅನಿಮೆ ಸರಣಿ ಬಹಳ ಸಹಾಯ ಮಾಡುತ್ತದೆ. 2011ರ ಏಪ್ರಿಲ್‌ನಿಂದ ಜೂನ್‌ವರೆಗೆ ಫುಜಿ ಟಿವಿಯಲ್ಲಿ ಹನ್ನೊಂದು ಕಂತುಗಳಲ್ಲಿ ಬಂದ ಅದರ ಪೂರ್ತಿ ಹೆಸರು ಉದ್ದ. ಜಗತ್ತಿನ ನೋಡುಗರೆಲ್ಲ ಅದನ್ನು ‘ಅನೋಹಾನಾ’ ಎಂದೇ ಕರೆಯುತ್ತಾರೆ. ನಿರ್ದೇಶಕ ತತ್ಸುಯುಕಿ ನಾಗಾಯ್, ಬರೆದವರು ಮಾರಿ ಒಕಾದಾ. ಕಥೆ ನಡೆಯುವ ಚಿಚಿಬು ಒಕಾದಾ ಅವರದೇ ಊರು, ಟೋಕಿಯೊದ ಪಕ್ಕದ ಸೈತಾಮಾ ಪ್ರಾಂತ್ಯದ ಬೆಟ್ಟಸಾಲಿನದು. ಬಾಲ್ಯದಲ್ಲಿ ಬಹುಕಾಲ ಶಾಲೆಗೇ ಹೋಗದೆ ಮನೆಯೊಳಗೆ ಉಳಿದವರು ಅವರು; ಕಥಾನಾಯಕ ಜಿಂತಾ ಕೂಡ ಹೈಸ್ಕೂಲಿಗೆ ಹೋಗದೆ ಮನೆಯಲ್ಲಿ ಕೂತಿರುವ ಹುಡುಗ. ಚಿಕ್ಕಂದಿನಲ್ಲಿ ಆರು ಜನ ಮಕ್ಕಳು ಕಾಡಿನ ಗುಡಿಸಲೊಂದನ್ನು ತಮ್ಮ ಗುಪ್ತ ತಾಣ ಮಾಡಿಕೊಂಡು, ‘ಸೂಪರ್ ಪೀಸ್ ಬಸ್ಟರ್ಸ್’ ಎಂದು ತಂಡಕ್ಕೆ ಹೆಸರಿಟ್ಟುಕೊಂಡು ಆಡುತ್ತಿದ್ದರು. ಅವರಲ್ಲೊಬ್ಬಳು ಮೆನ್ಮಾ, ಹೊಳೆಗೆ ಬಿದ್ದು ತೀರಿಕೊಂಡಳು. ಉಳಿದ ಐವರು ಚದುರಿದರು. ವರ್ಷಗಳ ನಂತರ ಒಂದು ಬೇಸಿಗೆಯಲ್ಲಿ ಆ ಹುಡುಗಿ ಜಿಂತಾನ ಕಣ್ಣಿಗೆ ಮಾತ್ರ ಕಾಣುವಂತೆ ಮರಳಿ ಬರುತ್ತಾಳೆ. ತನ್ನದೊಂದು ಆಸೆ ಈಡೇರಬೇಕು ಎನ್ನುತ್ತಾಳೆ, ಯಾವ ಆಸೆಯೆಂದು ಅವಳಿಗೇ ನೆನಪಿಲ್ಲ. ಅದನ್ನು ಹುಡುಕುವ ನೆವದಲ್ಲಿ ಐವರೂ ಮತ್ತೆ ಒಂದೆಡೆ ಸೇರಬೇಕಾಗುತ್ತದೆ.

ಇಲ್ಲಿಂದ ಮುಂದೆ ಒಕಾದಾ ಮಾಡುವ ಕೆಲಸ ಸೂಕ್ಷ್ಮವಾದದ್ದು. ಐವರಿಗೂ ದುಃಖ ಒಂದೇ ಎಂದು ನಾವು ಅಂದುಕೊಂಡಿರುವಾಗ, ಪ್ರತಿಯೊಬ್ಬರ ಬಳಿಯೂ ಆ ಒಂದು ದಿನದ ಬೇರೆ ಬೇರೆ ತುಣುಕು ಇದೆ ಎಂದು ಒಂದೊಂದಾಗಿ ತೋರಿಸುತ್ತಾರೆ. ಮೆನ್ಮಾ ಎಂದರೆ ನಿನಗೆ ಇಷ್ಟವೇ ಎಂದು ಎಲ್ಲರೆದುರು ಕೇಳಿದಾಗ ಜಿಂತಾ ನಾಚಿ, ಅವಳನ್ನು ಕುರೂಪಿ ಎಂದು ಹೀಗಳೆದು ಓಡಿಹೋದ; ನಾಳೆ ಕ್ಷಮೆ ಕೇಳಿದರಾಯಿತು ಎಂದುಕೊಂಡ. ಆ ಪ್ರಶ್ನೆ ಎತ್ತಿದವಳು ಅನಾರು. ಅವನ ಹಿಂದೆ ಓಡಿದ ಮೆನ್ಮಾಳನ್ನು ದಾರಿಯಲ್ಲಿ ತಡೆದು ಯುಕಿಯಾತ್ಸು ತನ್ನ ಪ್ರೀತಿ ಹೇಳಿಕೊಂಡ, ಅವಳು ಒಪ್ಪಲಿಲ್ಲ. ತ್ಸುರುಕೊಗೆ ಆ ಯುಕಿಯಾತ್ಸುವಿನ ಮೇಲೆಯೇ ಮನಸ್ಸು. ಆ ಮತ್ಸರವನ್ನು ಅವಳು ಯಾರಿಗೂ ಹೇಳಿಲ್ಲ. ಇವರೆಲ್ಲರಿಗಿಂತ ಭಾರ ಹೊತ್ತವನು ಸದಾ ನಗುತ್ತ ತಿರುಗುವ ಪೊಪ್ಪೊ: ಹೊಳೆ ಅವಳನ್ನು ಎಳೆದುಕೊಂಡು ಹೋಗುವುದನ್ನು ಅವನೊಬ್ಬನೇ ಕಂಡಿದ್ದ, ಏನೂ ಮಾಡಲಾಗಿರಲಿಲ್ಲ. ಐವರೂ ಹೈಸ್ಕೂಲು ವಯಸ್ಸಿಗೆ ಬಂದರೂ, ಈ ತುಣುಕುಗಳನ್ನು ಯಾರೂ ಯಾರ ಮುಂದೆಯೂ ಇಟ್ಟಿರಲಿಲ್ಲ. ಅವರು ದೂರವಾದದ್ದು ಬೇರೆ ಬೇರೆ ಶಾಲೆ ಸೇರಿದ್ದರಿಂದ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ನಿಜದಲ್ಲಿ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ತಮ್ಮ ಪಾಲಿನ ತುಣುಕು ಚುಚ್ಚುತ್ತಿತ್ತು.

ಮೆನ್ಮಾಳ ಆಸೆ ಒಂದು ಮದ್ದಿನ ಬಾಣ ಹಾರಿಸುವುದಿರಬಹುದೆಂದು ಅವರು ಊಹಿಸುತ್ತಾರೆ. ಚಿಚಿಬುವಿನ ಯೋಶಿದಾ ಭಾಗದಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಮುಕು ದೇಗುಲದ ಹಬ್ಬಕ್ಕೆ ಊರವರೇ ಕೈಯಾರೆ ಮದ್ದು ತುಂಬಿ, ಬಿದಿರು ಕಟ್ಟಿ ಹಾರಿಸುವ ‘ರ್‍ಯೂಸೇಯ್’ ಎಂಬ ದೊಡ್ಡ ಬಾಣಗಳಿವೆ. ಅಂಥದೊಂದನ್ನು ಮಾಡಿಸಲು ಜಿಂತಾ ಕೂಲಿ ಕೆಲಸಕ್ಕೆ ಹೋಗುತ್ತಾನೆ, ಯುಕಿಯಾತ್ಸು ಮೆನ್ಮಾಳ ತಂದೆಯ ಮುಂದೆ ಮಂಡಿಯೂರಿ ಒಪ್ಪಿಗೆ ಬೇಡುತ್ತಾನೆ. ಬಾಣ ಹಾರುತ್ತದೆ. ಮೆನ್ಮಾ ಹೋಗುವುದಿಲ್ಲ. ಸರಣಿಯ ಪೂರ್ತಿ ತಿರುಳು ನನಗೆ ಕಾಣುವುದು ಇಲ್ಲಿ. ಶ್ರದ್ಧೆಯಿಂದ, ಬೆವರು ಸುರಿಸಿ ಮಾಡಿದ ಕರ್ಮವೂ ತಾನೊಂದೇ ಸಾಕಾಗಲಿಲ್ಲ. ಆ ರಾತ್ರಿ ದೇಗುಲದ ಬಳಿ ಐವರೂ ಕೂತು, ಬಾಣದ ಹಿಂದೆ ತಮ್ಮಲ್ಲಿ ಯಾರ್‍ಯಾರಿಗೆ ಯಾವ ಸ್ವಾರ್ಥವಿತ್ತು, ಆ ಹಳೆಯ ದಿನ ಯಾರು ಏನು ಮಾಡಿದ್ದರು, ಏನು ಮಾಡದೆ ಹೋದರು ಎಂದು ಅತ್ತು ಹೇಳಿಕೊಂಡ ಮೇಲೆಯೇ ಗಂಟು ಸಡಿಲವಾಗುತ್ತದೆ. ಹಾಗೆಂದು ಬಾಣ ವ್ಯರ್ಥವೂ ಅಲ್ಲ. ಅದಿಲ್ಲದೆ ಆ ಐವರು ಒಂದೆಡೆ ಕೂರುತ್ತಲೇ ಇರಲಿಲ್ಲ.

ಗೆಳೆತನದ ದುಃಖಕ್ಕೂ ಬಂಧುತ್ವದ ದುಃಖಕ್ಕೂ ಇರುವ ಅಂತರ ಇದೇ ಎನ್ನುವುದು ನನ್ನ ವಾದ. ಮನೆಯವರು ಒಬ್ಬ ಮಗನನ್ನೋ ಅಣ್ಣನನ್ನೋ ಕಳೆದುಕೊಳ್ಳುತ್ತಾರೆ. ಗೆಳೆಯ ಕಳೆದುಕೊಳ್ಳುವುದು ಮನೆಯವರಿಗೂ ಗೊತ್ತಿರದ ಒಬ್ಬನನ್ನು. ಸತ್ತವನ ಬಗ್ಗೆ ಒಂದು ಸತ್ಯ ಗೆಳೆಯನ ಬಳಿ ಉಳಿದುಬಿಡುತ್ತದೆ, ಅದನ್ನು ಇಳಿಸಲು ಜಾಗವಿರುವುದಿಲ್ಲ. ಕನ್ನಡದ ಜನಪದರಿಗೆ ಇದು ಚೆನ್ನಾಗಿ ಗೊತ್ತಿತ್ತು. ‘ಕೆರೆಗೆ ಹಾರ’ ಹಾಡಿನ ಭಾಗೀರತಿ ತನ್ನನ್ನು ಬಲಿ ಕೊಡುತ್ತಾರೆಂಬ ಸುದ್ದಿ ತಿಳಿದು ತವರಿಗೆ ಹೋಗುತ್ತಾಳೆ. ಕಣ್ಣಲ್ಲಿ ನೀರೇಕೆ ಎಂದರೆ ಅತ್ತೆಮಾವ ಬೇರೆ ಇಡುತ್ತಾರೆ ಎಂದಷ್ಟೇ ಹೇಳುತ್ತಾಳೆ. ಹೆತ್ತವರಿಂದ ಮುಚ್ಚಿಟ್ಟ ನಿಜವನ್ನು ಅವಳು ಬಿಚ್ಚುವುದು ಗೆಳತಿಯ ಮನೆಯಲ್ಲಿ. ದಂಡಿನಿಂದ ಗಂಡ ಮಾದೇವರಾಯ ಬಂದು ಊರೆಲ್ಲ ಹುಡುಕುವಾಗ ತನ್ನ ಮನೆಯವರೂ ಅತ್ತೆ ಮನೆಯವರೂ ಹಾರಿಕೆಯ ಉತ್ತರ ಕೊಡುತ್ತಾರೆ. ನಿನ್ನ ಹೆಂಡತಿ ಕೆರೆಗೆ ಹಾರವಾದಳು ಎಂದು ಅವನಿಗೆ ಹೇಳುವ ಧೈರ್ಯ ಇರುವುದು ಆ ಗೆಳತಿಗೆ ಮಾತ್ರ. ಆಮೇಲೆ ಅವನು ಕೆರೆಗೆ ಹಾರುತ್ತಾನೆ, ಹಾಡು ಮುಗಿಯುತ್ತದೆ. ಸತ್ಯವನ್ನು ಒಬ್ಬಳೇ ಹೊತ್ತಿದ್ದ ಆ ಗೆಳತಿ ಮುಂದೆ ಹೇಗೆ ಬದುಕಿದಳೆಂದು ಹಾಡೂ ಕೇಳುವುದಿಲ್ಲ, ಶತಮಾನಗಳಿಂದ ಅದನ್ನು ಹಾಡಿದ, ಕೇಳಿದ ನಾವೂ ಕೇಳಿಲ್ಲ.

ಸಾವಿರ ವರ್ಷದ ಹಿಂದೆ ರನ್ನ ಇದನ್ನೇ ಇನ್ನೂ ಎತ್ತರದಲ್ಲಿ ಕಂಡ. ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ದ್ರೋಣನನ್ನು, ಮಗ ಲಕ್ಷಣನನ್ನು, ತಮ್ಮ ದುಶ್ಶಾಸನನನ್ನು ಕಂಡು ಕುಗ್ಗುತ್ತಾನೆ, ಕರ್ಣನ ಮುಂದೆ ಬಂದಾಗ ಅವನ ಅಳಲಿನ ಬಗೆಯೇ ಬದಲಾಗುತ್ತದೆ. ಕರ್ಣ ಯಾರ ಮಗನೆಂಬುದು ತನಗೆ ಗೊತ್ತಿತ್ತು ಎಂದು ಅವನು ಅಲ್ಲಿ ಬಾಯಿಬಿಡುತ್ತಾನೆ. ಶತ್ರುಗಳ ಅಣ್ಣನೆಂದು ತಿಳಿದೂ ಗೆಳೆಯನನ್ನಾಗಿ ಉಳಿಸಿಕೊಂಡ ಆ ಸತ್ಯವನ್ನು ಕೇಳಬೇಕಾದವನು ಎದುರಿಗೆ ಹೆಣವಾಗಿದ್ದಾನೆ. ಇನ್ನು ಮಹಾಭಾರತದ ಸ್ತ್ರೀಪರ್ವದಲ್ಲಿ ಕರ್ಣನಿಗೆ ಜಲತರ್ಪಣ ಕೊಡುವವನು ಧರ್ಮರಾಜ. ಬದುಕಿದ್ದಷ್ಟು ಕಾಲ ಹಗೆಯೆಂದು ಕಂಡವನಿಗೆ, ಅಣ್ಣನೆಂದು ಕುಂತಿ ಹೇಳಿದ ಕ್ಷಣಕ್ಕೆ ನೀರು ಬಿಡುವ ಅಧಿಕಾರ ಬಂತು. ಜೀವಮಾನವಿಡೀ ಜೊತೆಗಿದ್ದ ಗೆಳೆಯ ಉಳಿದಿದ್ದರೂ ಆ ಸಾಲಿನಲ್ಲಿ ಮೊದಲು ನಿಲ್ಲುತ್ತಿರಲಿಲ್ಲ.

ನಮ್ಮ ಶಾಸ್ತ್ರದಲ್ಲಿ ಗೆಳೆಯನಿಗೆ ಜಾಗವಿಲ್ಲವೆನ್ನುವುದು ಸರಿಯಲ್ಲ ಎಂದು ತಿಳಿದವರು ಆಕ್ಷೇಪಿಸಬಹುದು. ಅದರಲ್ಲಿ ಹುರುಳಿದೆ. ಮಹಾಲಯದ ತರ್ಪಣದ ಪಟ್ಟಿಯಲ್ಲಿ ತಂದೆ-ತಾಯಿ, ಅಜ್ಜ-ಮುತ್ತಜ್ಜರಾದ ಮೇಲೆ ಗುರುವಿನೊಂದಿಗೆ ಸಖನ ಹೆಸರೂ ಬರುತ್ತದೆ; ಬಂಧುಗಳಲ್ಲದವರಿಗೂ ತೃಪ್ತಿಯಾಗಲಿ ಎಂದು ನೀರು ಬಿಡುವ ಕ್ರಮವಿದೆ. ಭೀಷ್ಮಾಷ್ಟಮಿಯಂದು ಮಕ್ಕಳಿಲ್ಲದ ಭೀಷ್ಮನಿಗೆ ಯಾರು ಬೇಕಾದರೂ ತರ್ಪಣ ಕೊಡಬಹುದು. ಹತ್ತನೇ ಶತಮಾನದ ಆತಕೂರು ಶಾಸನ ಇನ್ನೂ ಮುಂದೆ ಹೋಗುತ್ತದೆ: ತಕ್ಕೋಲದ ಯುದ್ಧದಲ್ಲಿ ಮೆಚ್ಚುಗೆ ಪಡೆದ ಮಣಲೇರ ತನ್ನ ಒಡೆಯ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು, ಅದು ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದೆಂದು ಕಟ್ಟುಪಾಡು ಮಾಡಿದ. ರಕ್ತಸಂಬಂಧವಿಲ್ಲದ ಜೊತೆಗಾರನ ಸಾವನ್ನು ಇಷ್ಟು ಗೌರವದಿಂದ ಕಂಡ ನಾಡು ಇದು. ಆದರೆ ತರ್ಪಣದ ಆ ಜಾಗ ಸಿಗುವುದು ಕರ್ಮಾಧಿಕಾರವಿದ್ದ ವಯಸ್ಕ ಗಂಡಸಿಗೆ, ಅದೂ ಕೆಲವೇ ಸಮುದಾಯಗಳಲ್ಲಿ, ಪಟ್ಟಿಯ ಕೊನೆಯಲ್ಲಿ. ಗೆಳತಿಯನ್ನು ಕಳೆದುಕೊಂಡ ಹದಿಮೂರರ ಹುಡುಗಿಗೆ ಅದರಿಂದ ಏನೂ ಸಿಗುವುದಿಲ್ಲ. ಸತ್ತದ್ದೂ ಮಗುವೇ ಆದರೆ ಕರ್ಮವೇ ಮೊಟಕಾಗುತ್ತದೆ; ಎರಡು ವರ್ಷ ತುಂಬದ ಕೂಸಿಗೆ ಬೆಂಕಿಯೂ ಬೇಡ, ನೀರೂ ಬೇಡ ಎನ್ನುತ್ತದೆ ಮನುಸ್ಮೃತಿ. ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರ ತಮ್ಮ ಪುಸ್ತಕದಲ್ಲಿ, ಸಮಾಜ ಒಪ್ಪದ, ಬಹಿರಂಗವಾಗಿ ಆಚರಿಸಲಾಗದ ಇಂಥ ದುಃಖವನ್ನು ಹಕ್ಕು ಕಳೆದುಕೊಂಡ ದುಃಖವೆಂದು ವಿವರಿಸಿ, ಅಂಥದು ಒಳಗೇ ಉಳಿದು ಹೆಚ್ಚು ಕಾಡುತ್ತದೆ ಎಂದು ತೋರಿಸಿದರು. ಗೆಳೆಯರ ದುಃಖ ಅದರಲ್ಲೊಂದು.

ಕರಾವಳಿಯವರು ಸತ್ತ ಮಗುವಿನ ವಿಷಯದಲ್ಲಿ ಬೇರೆಯೇ ದಾರಿ ಹಿಡಿದಿದ್ದಾರೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ತುಳುವರಲ್ಲಿ ಎಳವೆಯಲ್ಲಿ ತೀರಿಕೊಂಡವರಿಗೆ ವರ್ಷಗಳ ನಂತರ ಕುಲೆ ಮದುವೆ ಮಾಡುತ್ತಾರೆ. ಹಾಗೆಯೇ ತೀರಿಕೊಂಡ ಹೆಣ್ಣನ್ನು ಇನ್ನೊಂದು ಮನೆಯಲ್ಲಿ ಹುಡುಕಿ, ಮಾತುಕತೆ ನಡೆಸಿ, ಸೀರೆ-ಧೋತಿ ಇಟ್ಟು, ಊಟ ಹಾಕಿ ಸಂಬಂಧ ಬೆಳೆಸುತ್ತಾರೆ. ಇದರ ಹಿಂದಿರುವ ನಂಬಿಕೆ ಅದ್ಭುತವಾದದ್ದು: ಸತ್ತ ಮಗು ಸತ್ತ ವಯಸ್ಸಿನಲ್ಲೇ ನಿಂತಿಲ್ಲ, ಬದುಕಿರುವವರ ಜೊತೆಗೇ ಬೆಳೆಯುತ್ತಿದೆ. ಅನೋಹಾನಾದಲ್ಲಿ ಮೆನ್ಮಾ ಮರಳಿ ಬರುವುದೂ ಪುಟ್ಟ ಹುಡುಗಿಯಾಗಿ ಅಲ್ಲ, ಗೆಳೆಯರ ವಯಸ್ಸಿಗೆ ಬೆಳೆದವಳಾಗಿ. ಚಿಚಿಬು, ಪುತ್ತೂರುಗಳ ನಡುವೆ ಯಾವ ನಂಟೂ ಇಲ್ಲದಿದ್ದರೂ ಮಗುವನ್ನು ಕಳೆದುಕೊಂಡವರ ಲೆಕ್ಕಾಚಾರ ಎರಡೂ ಕಡೆ ಒಂದೇ. ಇಂದಿಗೆ ಅವಳಿಗೆ ಎಷ್ಟು ವರ್ಷವಾಗಿರುತ್ತಿತ್ತು ಎಂದು ಮನಸ್ಸು ಎಣಿಸುತ್ತಲೇ ಇರುತ್ತದೆ. ಆದರೆ ಕುಲೆ ಮದುವೆಯಲ್ಲೂ ಮಾತಾಡಿಕೊಳ್ಳುವವರು ಎರಡು ಮನೆಗಳವರು. ಜೊತೆಗೆ ಆಡಿ ಬೆಳೆದ ಗೆಳತಿಯರು ಅಲ್ಲಿಯೂ ಅತಿಥಿಗಳಷ್ಟೇ.

ಅನಿಮೆಯನ್ನು ಸಾಕ್ಷಿಯಾಗಿ ಹಿಡಿಯುವುದೇ ತಪ್ಪು ಎನ್ನುವವರಿದ್ದಾರೆ. ಸತ್ತವಳು ಎದ್ದು ಬಂದು, ಯಾರ ಮೇಲೂ ಸಿಟ್ಟಿಲ್ಲವೆಂದು ಹೇಳಿ, ಪತ್ರ ಬರೆದಿಟ್ಟು ಹೋಗುವ ಭಾಗ್ಯ ನಿಜದ ಬದುಕಿನಲ್ಲಿ ಯಾರಿಗಿದೆ? ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಕೊನೆಯ ಕಂತಿನ ಅಳು ಅತಿಯಾಯಿತು ಎಂದು ನನಗೂ ಅನ್ನಿಸುತ್ತದೆ. ಆದರೆ ಕಥೆಯ ಕಟ್ಟಡವನ್ನು ಗಮನಿಸಬೇಕು. ಮೆನ್ಮಾ ಕೊನೆಯ ಗಳಿಗೆಯವರೆಗೂ ನಾಲ್ವರ ಕಣ್ಣಿಗೆ ಬಿದ್ದೇ ಇಲ್ಲ. ದೇಗುಲದ ಬಳಿಯ ಆ ರಾತ್ರಿ ಐವರು ಒಬ್ಬರಿಗೊಬ್ಬರು ಬಿಚ್ಚಿಕೊಳ್ಳುವಾಗ ಅವಳು ಅಲ್ಲಿಲ್ಲ. ಕ್ಷಮೆ ಮೊದಲು ಸಿಕ್ಕಿದ್ದು ಸತ್ತವಳಿಂದಲ್ಲ, ಉಳಿದವರಿಂದ. ಕೊನೆಗೆ ತಿಳಿಯುವ ಅವಳ ಆಸೆಯೂ ತನ್ನ ಬಗೆಗಿನದಲ್ಲ: ಆಸ್ಪತ್ರೆಯಲ್ಲಿದ್ದ ಜಿಂತಾನ ತಾಯಿ, ಮಗ ದುಃಖ ನುಂಗಿಕೊಂಡು ಅಳುವುದೇ ಇಲ್ಲವೆಂದು ಕೊರಗಿದಾಗ, ಅವನನ್ನು ಅಳಿಸುತ್ತೇನೆಂದು ಮೆನ್ಮಾ ಮಾತು ಕೊಟ್ಟಿದ್ದಳು. ದೆವ್ವವನ್ನು ಕಥೆಯಿಂದ ತೆಗೆದರೂ ಈ ಕೆಲಸ ನಡೆಯಬಲ್ಲದು. ಅದಕ್ಕೆ ಬೇಕಾದದ್ದು ಸೇರಲು ಒಂದು ಕಾರಣ, ಕೈಗೊಂದು ಕೆಲಸ, ಮತ್ತು ಹೇಳಿದ್ದನ್ನು ಕೇಳುವ ಅದೇ ನಾಲ್ಕು ಜನ. ಬೇರೆ ಯಾರು ಕೇಳಿದರೂ ಸಾಲದು, ಏಕೆಂದರೆ ಆ ದಿನದ ಉಳಿದ ತುಣುಕುಗಳು ಅವರ ಬಳಿ ಇವೆ.

ದುಃಖಕ್ಕೆ ಮುಗಿತಾಯವೆಂಬುದು ಇದೆಯೇ ಎಂಬುದು ಇನ್ನೊಂದು ಪ್ರಶ್ನೆ, ಮತ್ತು ಇಲ್ಲಿ ನಾನು ಆಕ್ಷೇಪಿಸುವವರ ಜೊತೆ ನಿಲ್ಲುತ್ತೇನೆ. ಡೆನಿಸ್ ಕ್ಲಾಸ್, ಫಿಲ್ಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ 1996ರಲ್ಲಿ ಸಂಪಾದಿಸಿದ ಪುಸ್ತಕವೊಂದು, ಸತ್ತವರಿಂದ ಕಳಚಿಕೊಳ್ಳುವುದೇ ಆರೋಗ್ಯವೆಂಬ ಹಳೆಯ ಮನೋವಿಜ್ಞಾನದ ಮಾತನ್ನು ಪ್ರಶ್ನಿಸಿತು. ಸತ್ತವರೊಂದಿಗಿನ ಸಂಬಂಧ ರೂಪ ಬದಲಿಸಿ ಮುಂದುವರಿಯುತ್ತದೆ, ಅದರಲ್ಲಿ ರೋಗವೇನಿಲ್ಲ ಎಂದು ವಾದಿಸಿತು. ಪಕ್ಷದ ಅಮಾವಾಸ್ಯೆಗೆ ಹಿರಿಯರಿಗೆ ಬಟ್ಟೆಯಿಟ್ಟು, ಅವರು ಇಷ್ಟಪಡುತ್ತಿದ್ದ ಕಜ್ಜಾಯವನ್ನೋ ಕೋಳಿಸಾರನ್ನೋ ಬೀಡಿಯನ್ನೋ ಎಡೆಯಲ್ಲಿಡುವ ನಮ್ಮ ಹಳ್ಳಿಗಳಿಗೆ ಇದು ಹೊಸ ಸುದ್ದಿಯಲ್ಲ. ಜಪಾನಿನ ಓಬೋನ್ ಹಬ್ಬವೂ ಇದೇ ಜಾತಿಯದು. ಪ್ರೇತಲೋಕದಲ್ಲಿ ಹಸಿದ ತಾಯಿಯನ್ನು ಮೌದ್ಗಲ್ಯಾಯನ ಉದ್ಧರಿಸಿದ ಬೌದ್ಧ ಕಥೆಯಿಂದ ಹುಟ್ಟಿದ ಈ ಹಬ್ಬದಲ್ಲಿ, ಆಗಸ್ಟ್ ನಡುವೆ ಊರಿಗೆ ಮರಳಿದವರು ಸತ್ತವರನ್ನು ದೀಪವಿಟ್ಟು ಬರಮಾಡಿಕೊಂಡು ದೀಪವಿಟ್ಟು ಕಳಿಸಿಕೊಡುತ್ತಾರೆ. 2023ರಲ್ಲಿ ಬಂದ ‘ಫ್ರೀರೆನ್’ ಅನಿಮೆ ಈ ನಿಟ್ಟಿನಲ್ಲಿ ಅನೋಹಾನಾಗಿಂತ ಪಕ್ವವಾದದ್ದು. ಸಾವಿರ ವರ್ಷ ಮೀರಿ ಬದುಕುವ ಫ್ರೀರೆನ್ ಹತ್ತೇ ವರ್ಷ ಜೊತೆಗಿದ್ದ ಹಿಮ್ಮೆಲ್‌ನ ಶವದ ಮುಂದೆ, ಇವನನ್ನು ತಿಳಿದುಕೊಳ್ಳಲು ನಾನು ಪ್ರಯತ್ನವನ್ನೇ ಮಾಡಲಿಲ್ಲವಲ್ಲ ಎಂದು ಅಳುತ್ತಾಳೆ. ಆಮೇಲಿನ ಅವಳ ಪಯಣವೆಲ್ಲ ಹಳೆಯ ದಾರಿಯಲ್ಲಿ ಅವನನ್ನು ನಿಧಾನವಾಗಿ ಅರಿಯುವುದೇ. ಅಲ್ಲಿ ಒಂದು ರಾತ್ರಿಯ ಬಿಡುಗಡೆಯಿಲ್ಲ. ಗೆಳೆಯರಿಗೆ ಬೇಕಾದದ್ದೂ ವರ್ಷಕ್ಕೊಮ್ಮೆ ಮರಳಬಲ್ಲ ಒಂದು ದಿನ.

ಮಕ್ಕಳನ್ನು ಇದಕ್ಕೆ ಎಳೆಯಬಾರದು, ಮರೆತಿದ್ದನ್ನು ಕೆದಕಬಾರದು ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಮಕ್ಕಳು ಮರೆತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಪ್ರಕಾರ 5ರಿಂದ 14 ವರ್ಷದವರ ಸಾವಿಗೆ ಮುಳುಗುವಿಕೆ ಜಗತ್ತಿನಲ್ಲಿ ಮೂರನೇ ದೊಡ್ಡ ಕಾರಣ. ಕೆರೆ, ನಾಲೆ, ಕೃಷಿಹೊಂಡಗಳ ನಡುವೆ ಬೆಳೆಯುವ ಬಯಲುಸೀಮೆಯ ಮಕ್ಕಳು ನೀರಿಗಿಳಿಯುವುದು ಒಬ್ಬೊಬ್ಬರಾಗಿ ಅಲ್ಲ, ಜೊತೆಜೊತೆಯಾಗಿ. ಅಂಥ ಸಾವು ನಡೆದ ಕಡೆಯಲ್ಲೆಲ್ಲ ಒಬ್ಬ ಪೊಪ್ಪೊ ಇರುತ್ತಾನೆ: ದಂಡೆಯಲ್ಲಿ ನಿಂತು ಕಂಡವನು, ಕೂಗಿ ಓಡಿದವನು. ಅವನಿಗೆ ಸಿಗುವುದು ಪೊಲೀಸರ ಪ್ರಶ್ನೆ, ದೊಡ್ಡವರ ಬೈಗುಳ, ಆಮೇಲೆ ಮೌನ. ನೀನು ಹೋಗಬಾರದಿತ್ತು ಎಂದು ಹೇಳಿದವರೆಲ್ಲರೂ ಅವನ ಬಳಿ ಏನಾಯಿತು ಎಂದು ಕೇಳಿದವರಲ್ಲ. ಮಣ್ಣಿಗೆ ಬರುತ್ತೀಯಾ ಎಂದು ಆ ಹುಡುಗನನ್ನು ಕೇಳಬೇಕು. ಬಲವಂತ ಬೇಡ, ತಡೆಯುವುದೂ ಬೇಡ. ಶಾಲೆಯಲ್ಲಿ ಎರಡು ನಿಮಿಷ ಎದ್ದು ನಿಲ್ಲಿಸಿ ರಜೆ ಕೊಟ್ಟರೆ ಮಕ್ಕಳು ಮತ್ತೆ ಚದುರಿ ಹೋಗುತ್ತಾರೆ. ಅದೇ ತರಗತಿಯಲ್ಲಿ ಒಂದು ಇಡೀ ದಿನ, ಪಾಠವಿಲ್ಲದೆ, ಮಾತಾಡಲೂ ಸುಮ್ಮನಿರಲೂ ಬಿಟ್ಟರೆ ಹೆಚ್ಚು ಉಪಯೋಗ. ನಿದ್ದೆ, ಊಟ ಬಿಟ್ಟು ವಾರಗಟ್ಟಲೆ ಕುಗ್ಗಿದ ಮಗುವಿಗೆ ಗೆಳೆಯರಷ್ಟೇ ಸಾಲದು; 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಬೆನ್ನಿಗಿರುವ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕಡೂರಿನಿಂದಲೂ ಉಚಿತವಾಗಿ ಕರೆ ಮಾಡಬಹುದು.

ಬಂಧುಗಳಲ್ಲದವರು ಕರ್ಮ ಮಾಡಿದರೆ ಊರು ಒಪ್ಪುತ್ತದೆಯೇ ಎಂಬ ಅನುಮಾನಕ್ಕೆ 2021ರ ಅಕ್ಟೋಬರ್ 29ರ ನಂತರದ ದಿನಗಳೇ ಉತ್ತರ. ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಅವರನ್ನು ಒಮ್ಮೆಯೂ ಎದುರು ಕಾಣದ ಜನ ಊರೂರಲ್ಲಿ ಭಾವಚಿತ್ರವಿಟ್ಟು, ಎಡೆಯಿಟ್ಟು, ಅನ್ನಸಂತರ್ಪಣೆ ಮಾಡಿದರು. ನಿಮಗೇನು ಸಂಬಂಧ ಎಂದು ಯಾರೂ ಕೇಳಲಿಲ್ಲ. ನಟನಿಗೆ ಸಲ್ಲುವ ಈ ಹಕ್ಕು ಜೊತೆಗೆ ಓದಿದ ಗೆಳೆಯನಿಗೂ ಸಲ್ಲಬೇಕು. ಹತ್ತನೇ ತರಗತಿ ಮುಗಿಸಿ ಕಡೂರು, ಬೀರೂರು, ಬೆಂಗಳೂರು ಎಂದು ಚದುರಿದವರು ಊರಿಗೆ ಬರುವುದು ಮಹಾಲಯ ಅಮಾವಾಸ್ಯೆ, ದಸರೆಯ ಆಸುಪಾಸಿನಲ್ಲಿ. ಸತ್ತ ಗೆಳೆಯನ ಹೆಸರಿನಲ್ಲಿ ಸೇರಲು ಪಂಚಾಂಗವೇ ದಿನ ಗೊತ್ತುಮಾಡಿ ಕೊಟ್ಟಿದೆ. ಒಂದು ಎಚ್ಚರ ಮಾತ್ರ ಬೇಕು, ಮತ್ತು ಅನೋಹಾನಾ ಅವಸರದಲ್ಲಿ ದಾಟಿಬಿಟ್ಟದ್ದು ಇದನ್ನೇ. ಬಾಣದ ಮಾತೆತ್ತಿಕೊಂಡು ಬಂದ ಹುಡುಗರ ಮೇಲೆ ಮೆನ್ಮಾಳ ತಾಯಿ ಸಿಡಿದೇಳುತ್ತಾಳೆ: ನೀವೆಲ್ಲ ಬೆಳೆದು ನಿಂತಿದ್ದೀರಿ, ಸತ್ತವಳು ನನ್ನ ಮಗಳೊಬ್ಬಳೇ. ಆ ಸಿಟ್ಟು ಸಂಪೂರ್ಣ ನ್ಯಾಯವಾದದ್ದು. ಸರಣಿ ಅವಳನ್ನು ಬೇಗ ಸಮಾಧಾನಪಡಿಸಿ ಗೆಳೆಯರ ಕಡೆ ತಿರುಗುತ್ತದೆ, ನಿಜದ ತಾಯಂದಿರಿಗೆ ಅಷ್ಟು ಬೇಗ ಆಗುವುದಿಲ್ಲ. ಆದ್ದರಿಂದ ಗೆಳೆಯರು ಮೊದಲು ಆ ಮನೆಗೆ ಹೋಗಿ ಕೇಳಬೇಕು. ಬೇಡವೆಂದರೆ ಆ ವರ್ಷ ತಮ್ಮಲ್ಲೇ ಯಾರದಾದರೂ ಮನೆಯಲ್ಲಿ ಸೇರಿ ಎಡೆಯಿಡಬೇಕು, ಮುಂದಿನ ವರ್ಷ ಮತ್ತೆ ಹೋಗಿ ಕೇಳಬೇಕು. ಹೂಂ ಎಂದ ತಾಯಿಗೆ ಆ ದಿನ ಸಿಗುವುದು ದೊಡ್ಡದು: ತನ್ನ ಮಗ ಶಾಲೆಯಲ್ಲಿ ಯಾವ ಮೇಷ್ಟರನ್ನು ಅಣಕಿಸುತ್ತಿದ್ದ, ಯಾರ ತೋಟದಲ್ಲಿ ಎಳನೀರು ಕದ್ದಿದ್ದ, ಯಾವ ಹುಡುಗಿಗೆ ಚೀಟಿ ಬರೆದು ಕೊಡದೆ ಹೋದ ಎಂಬುದನ್ನೆಲ್ಲ ಅವಳಿಗೆ ಹೇಳಬಲ್ಲವರು ಆ ಗೆಳೆಯರಲ್ಲದೆ ಬೇರೆ ಯಾರೂ ಇಲ್ಲ.